256 ಎಲ್ಲಿ ಹೋಯಿತು?

ಮಕ್ಕಳೇ, 17 ಪೇರಲ ಹಣ್ಣುಗಳನ್ನು 5 ಮಂದಿಗೆ ಸಮನಾಗಿ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಸಿಗುತ್ತದೆ? ಮೂರು. ಎರಡು ಹಣ್ಣು ಉಳಿಯುತ್ತದೆ. ಭಾಗಾಕಾರದ ಮಾತಿನಲ್ಲಿ ಹೇಳುವುದಾದರೆ 17 ಭಾಜ್ಯ, 5 ಭಾಜಕ, 3 ಭಾಗಲಬ್ಧ, 2 ಶೇಷ. ಇದನ್ನೆಲ್ಲ ನೀವು ಚಿಕ್ಕ ತರಗತಿಯಲ್ಲೇ ಕಲಿತಿದ್ದೀರಿ. ಆದರೆ ದಶಮಾಂಶ ಬಂದ ಮೇಲೆ ಶೇಷವನ್ನು ಕೇಳುವವರೇ ಇಲ್ಲ. 17 ÷ 5 = 3.4 ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತೇವೆ. ಶಾಲೆಯಿಂದ ಶಾಲೆಗೆ ತಿರುಗುವುದು ನನ್ನ ಕೆಲಸ. ಏಳನೆಯ ತರಗತಿಯಲ್ಲಿ "ಶೇಷ ಎಂದರೇನು?" ಎಂದು ಕೇಳಿದರೆ "ಬೇಡವಾಗಿ ಉಳಿದದ್ದು" ಎನ್ನುವವರೇ ಹೆಚ್ಚು. ನನಗೇಕೋ ಇದು ಶೇಷಕ್ಕೆ ಮಾಡುವ ಅನ್ಯಾಯ ಎನಿಸುತ್ತದೆ. ಕಂಪ್ಯೂಟರಿನ ಒಳಗೆ ಇಣುಕಿ ನೋಡಿದರೆ ಅಲ್ಲಿ ಶೇಷಕ್ಕೇ ರಾಜಮರ್ಯಾದೆ!

ಕಂಪ್ಯೂಟರಿಗೆ ಕೆಲಸ ಹೇಳಬೇಕಾದರೆ ಅದಕ್ಕೆಂದೇ ರೂಪಿಸಿದ ಭಾಷೆಯಲ್ಲಿ ಆದೇಶಗಳನ್ನು ಬರೆಯಬೇಕು. ಇವನ್ನು ಪ್ರೋಗ್ರಾಮಿಂಗ್ ಭಾಷೆಗಳು ಎನ್ನುತ್ತಾರೆ. 'ಪೈಥಾನ್' ಅಂಥದೊಂದು ಭಾಷೆ. ನೆದರ್ಲೆಂಡ್ಸ್ ದೇಶದ ಗೀಡೊ ವಾನ್ ರೋಸಮ್ ರೂಪಿಸಿದ ಇದು 1991ರಲ್ಲಿ ಹೊರಬಂತು. (ಹೆಸರು ಹೆಬ್ಬಾವಿನದಲ್ಲ, ಬ್ರಿಟನ್ನಿನ ಒಂದು ಹಾಸ್ಯ ಕಾರ್ಯಕ್ರಮದಿಂದ ಬಂದದ್ದು.) ಈ ಭಾಷೆಯಲ್ಲಿ ಭಾಗಾಕಾರಕ್ಕೆ ಒಂದಲ್ಲ, ಮೂರು ಚಿಹ್ನೆಗಳಿವೆ.

17 / 5 ಎಂದು ಬರೆದರೆ ಉತ್ತರ 3.4
17 // 5 ಎಂದು ಬರೆದರೆ ಉತ್ತರ 3
17 % 5 ಎಂದು ಬರೆದರೆ ಉತ್ತರ 2

ಮೂರನೆಯ ಚಿಹ್ನೆಯನ್ನು ನೋಡಿ. ಇಲ್ಲಿ ಅದು ಶೇಕಡಾ ಅಲ್ಲ. "ಭಾಗಿಸು, ಶೇಷವನ್ನು ಮಾತ್ರ ನನಗೆ ಕೊಡು" ಎಂದು ಅದರ ಅರ್ಥ. ಶೇಷಕ್ಕೆಂದೇ ಒಂದು ಚಿಹ್ನೆ ಇದೆ ಎಂದ ಮೇಲೆ ಅದರ ಕೆಲಸವೂ ಬಹಳ ಇರಬೇಕಲ್ಲವೇ?

ಇನ್ನೊಂದು ಸ್ವಾರಸ್ಯ ನೋಡಿ. 15 / 5 ಎಂದು ಕೇಳಿದರೆ ಪೈಥಾನ್ 3 ಎನ್ನುವುದಿಲ್ಲ, 3.0 ಎನ್ನುತ್ತದೆ. 15 // 5 ಎಂದರೆ 3 ಎನ್ನುತ್ತದೆ. ನಮಗೆ ಎರಡೂ ಒಂದೇ. ಕಂಪ್ಯೂಟರಿಗೆ ಹಾಗಲ್ಲ. ಅಕ್ಕಿಯನ್ನು ಚೀಲದಲ್ಲೂ ಎಣ್ಣೆಯನ್ನು ಡಬ್ಬಿಯಲ್ಲೂ ಇಡುವಂತೆ ಅದು ಸಂಖ್ಯೆಗಳನ್ನು ಬಗೆಗೊಂದು ಪೆಟ್ಟಿಗೆಯಲ್ಲಿ ಇಡುತ್ತದೆ. ಪೂರ್ಣಾಂಕಗಳ ಬಗೆಗೆ 'ಇಂಟ್' ಎಂದು ಹೆಸರು. ದಶಮಾಂಶ ಬಿಂದು ಇರುವ ಬಗೆಗೆ 'ಫ್ಲೋಟ್' ಎಂದು ಹೆಸರು. ಈ ಬಗೆಗಳನ್ನೇ ಡೇಟಾ ಟೈಪ್ ಎನ್ನುತ್ತಾರೆ. ಯಾವ ಸಂಖ್ಯೆಯನ್ನು ಯಾವ ಪೆಟ್ಟಿಗೆಯಲ್ಲಿ ಇಡಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಅದು ಎಷ್ಟು ದೊಡ್ಡದೆಂದು ಮುಂದೆ ಹೇಳುತ್ತೇನೆ.

ಮೊದಲು ಶೇಷದ ಕೆಲಸ ನೋಡೋಣ. ನಮ್ಮ ಹಿರಿಯರು ಕಂಪ್ಯೂಟರ್ ಇಲ್ಲದೆಯೇ ಈ % ಚಿಹ್ನೆಯ ಲೆಕ್ಕ ಮಾಡುತ್ತಿದ್ದರು. ಯುಗಾದಿಯಂದು ಹೊಸ ಪಂಚಾಂಗ ತೆರೆದರೆ ಆ ವರ್ಷದ ಸಂವತ್ಸರದ ಹೆಸರು ಇರುತ್ತದೆ. ಪ್ರಭವದಿಂದ ಆರಂಭಿಸಿ ಅಕ್ಷಯದವರೆಗೆ ಒಟ್ಟು 60 ಹೆಸರುಗಳು. ಮುಗಿದ ಮೇಲೆ ಮತ್ತೆ ಪ್ರಭವ. ಅಜ್ಜನಿಗೆ 60 ತುಂಬಿದಾಗ ಮನೆಯಲ್ಲಿ ಷಷ್ಟ್ಯಬ್ದಿ ಮಾಡುವುದನ್ನು ನೀವು ನೋಡಿರಬಹುದು. ಅಜ್ಜ ಹುಟ್ಟಿದ ಸಂವತ್ಸರ ಒಂದು ಸುತ್ತು ಹಾಕಿ ಮರಳಿ ಬಂದಿರುತ್ತದೆ. ಹೆಸರು ಕಂಡುಹಿಡಿಯುವ ಕ್ರಮ ಸುಲಭ. ಶಾಲಿವಾಹನ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. 2025ರ ಯುಗಾದಿಗೆ ಆರಂಭವಾದದ್ದು ಶಕ 1947. 12 ಕೂಡಿಸಿದರೆ 1959. ಅದನ್ನು 60ರಿಂದ ಭಾಗಿಸಿದರೆ ಭಾಗಲಬ್ಧ 32, ಶೇಷ 39. ಪಟ್ಟಿಯಲ್ಲಿ 39ನೆಯ ಹೆಸರು ವಿಶ್ವಾವಸು. ಶೇಷ ಸೊನ್ನೆ ಬಂದರೆ ಅಕ್ಷಯ ಎಂದು ತಿಳಿಯಬೇಕು. ಇಲ್ಲಿ 32 ಎಂಬ ಭಾಗಲಬ್ಧ ಯಾರಿಗೂ ಬೇಡ ನೋಡಿ. ಬೇಕಾದದ್ದು ಶೇಷವೇ!

ಹೀಗೆ ಸುತ್ತಿ ಬರುವ ಲೆಕ್ಕಕ್ಕೆ ಮಾಡ್ಯುಲರ್ ಅಂಕಗಣಿತ ಎಂದು ಹೆಸರು. ಜರ್ಮನಿಯ ಗಣಿತಜ್ಞ ಗಾಸ್ 1801ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೆ ಒಂದು ವ್ಯವಸ್ಥೆ ಹಾಕಿಕೊಟ್ಟರು. ಆಗ ಅವರ ವಯಸ್ಸು ಕೇವಲ 24. ಗಡಿಯಾರದಲ್ಲಿ 10 ಗಂಟೆಗೆ 5 ಗಂಟೆ ಕೂಡಿಸಿದರೆ 3 ಆಗುತ್ತದಲ್ಲ, ಅದೇ ಲೆಕ್ಕ.

ಇದಕ್ಕೂ ಕಂಪ್ಯೂಟರಿನ ಪೆಟ್ಟಿಗೆಗೂ ಏನು ಸಂಬಂಧ? ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಆಟವಾಡಿ ತೋರಿಸುವುದು ಮೇಲು. ತುಂಗಭದ್ರೆಯ ದಂಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಈ ಆಟ ಆಡಿಸಿದ್ದೆ. ಎಂಟು ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸಿದೆ. ಕುಳಿತರೆ 0, ನಿಂತರೆ 1. ಬಲತುದಿಯವರ ಬೆಲೆ 1, ಅವರ ಎಡಕ್ಕಿರುವವರದು 2, ಮುಂದಿನವರದು 4, ಆಮೇಲೆ 8, 16, 32, 64, ಎಡತುದಿಯವರದು 128. ನಿಂತವರ ಬೆಲೆಗಳನ್ನೆಲ್ಲ ಕೂಡಿದರೆ ಅದೇ ಆ ಸಾಲು ತೋರಿಸುವ ಸಂಖ್ಯೆ.

ನಿಯಮ ಎರಡೇ. ನಾನು ಒಂದು ಚಪ್ಪಾಳೆ ತಟ್ಟಿದರೆ ಬಲತುದಿಯವರು ಬದಲಾಗಬೇಕು. ಕುಳಿತಿದ್ದರೆ ಏಳಬೇಕು, ನಿಂತಿದ್ದರೆ ಕೂರಬೇಕು. ಯಾರೇ ಆಗಲಿ, ನಿಂತವರು ಕೂರುವಾಗ ಎಡಗಡೆಯವರ ಭುಜ ತಟ್ಟಬೇಕು, ತಟ್ಟಿಸಿಕೊಂಡವರು ಬದಲಾಗಬೇಕು. ಇಷ್ಟೇ. ಮೊದಲ ಹತ್ತು ಚಪ್ಪಾಳೆಗೆ ಗಲಾಟೆಯೋ ಗಲಾಟೆ. ಆಮೇಲೆ ಲಯ ಸಿಕ್ಕಿತು. ಉಳಿದ ಮಕ್ಕಳು ನಿಂತವರ ಬೆಲೆ ಕೂಡುತ್ತಾ "ಹನ್ನೊಂದು, ಹನ್ನೆರಡು" ಎಂದು ಕೂಗತೊಡಗಿದರು.

255ರವರೆಗೆ ಚಪ್ಪಾಳೆ ತಟ್ಟುತ್ತಾ ಕುಳಿತರೆ ಬಿಸಿಯೂಟದ ಗಂಟೆ ಹೊಡೆಯುತ್ತದೆ. ಅದಕ್ಕೆ 253ಕ್ಕೇ ಜಿಗಿದೆವು. ಬಲದಿಂದ ಎರಡನೆಯವನು ಕುಳಿತ, ಉಳಿದ ಏಳು ಮಂದಿ ನಿಂತರು. ಒಂದು ಚಪ್ಪಾಳೆ, 254. ಇನ್ನೊಂದು ಚಪ್ಪಾಳೆ, 255. ಎಂಟೂ ಮಂದಿ ನಿಂತಿದ್ದಾರೆ. ಮತ್ತೊಂದು ಚಪ್ಪಾಳೆ ತಟ್ಟಿದೆ. ಬಲತುದಿಯವನು ಕೂರುತ್ತಾ ಪಕ್ಕದವನನ್ನು ತಟ್ಟಿದ, ಅವನು ಕೂರುತ್ತಾ ಅವನ ಪಕ್ಕದವಳನ್ನು ತಟ್ಟಿದ. ಗಾಳಿಗೆ ಜೋಳದ ಬೆಳೆ ಬಾಗಿದಂತೆ ಸಾಲು ಕುಳಿತುಕೊಳ್ಳುತ್ತಾ ಹೋಯಿತು. ಎಡತುದಿಯ ಹುಡುಗಿ ಕೂರುತ್ತಾ ಕೈ ಚಾಚಿದಳು. ಅವಳ ಎಡಕ್ಕೆ ಯಾರೂ ಇರಲಿಲ್ಲ. ಕೈ ಗಾಳಿಯಲ್ಲೇ ನಿಂತಿತು. ಎಂಟೂ ಮಂದಿ ಕುಳಿತಿದ್ದರು. ಸಾಲಿನ ಬೆಲೆ ಸೊನ್ನೆ.

ಆ ಹುಡುಗಿ ನನ್ನ ಕಡೆ ತಿರುಗಿ "ಟೀಚರ್, 256 ಎಲ್ಲಿ ಹೋತ್ರೀ?" ಎಂದಳು.

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಎಂಜಿನಿಯರಿಂಗ್ ಓದುವವರೂ ಕೇಳಲಾರರು ಎಂದು ನನ್ನ ಅಭಿಪ್ರಾಯ. ಒಂಬತ್ತನೆಯವಳೊಬ್ಬಳನ್ನು ಕರೆದು ಅವಳ ಪಕ್ಕಕ್ಕೆ ಕೂರಿಸಿದ್ದರೆ ಆ ತಟ್ಟು ಅವಳಿಗೆ ತಾಗುತ್ತಿತ್ತು, ಅವಳು ಎದ್ದು ನಿಂತು 256 ಆಗುತ್ತಿದ್ದಳು. ಅವಳು ಇಲ್ಲ, ಆದ್ದರಿಂದ 256 ಇಲ್ಲ. ಈ ಸಾಲಿಗೆ 256 ಎಂದರೆ 0, 257 ಎಂದರೆ 1. 200ಕ್ಕೆ 100 ಕೂಡಿಸಿದರೆ 300 ಆಗುವುದಿಲ್ಲ, 44 ಆಗುತ್ತದೆ. 300ನ್ನು 256ರಿಂದ ಭಾಗಿಸಿ ನೋಡಿ, ಶೇಷ 44. ಸಾವಿರ ಚಪ್ಪಾಳೆ ತಟ್ಟಿದರೆ? ಸಾಲು ಮೂರು ಪೂರ್ತಿ ಸುತ್ತು ಮುಗಿಸಿ 232 ತೋರಿಸುತ್ತದೆ. ಎಷ್ಟು ಸುತ್ತು ಆಯಿತು ಎಂಬ ನೆನಪು ಸಾಲಿಗೆ ಇರುವುದೇ ಇಲ್ಲ. ಭಾಗಲಬ್ಧ ಗಾಳಿಗೆ ಹೋಗುತ್ತದೆ, ಶೇಷ ಮಾತ್ರ ಉಳಿಯುತ್ತದೆ. ಹಳೆಯ ಸ್ಕೂಟರಿನ ಐದಂಕಿಯ ಮೀಟರ್ 99999 ಆದ ಮೇಲೆ 00000 ಆಗುವುದೂ ಹೀಗೆಯೇ.

ಒಬ್ಬೊಬ್ಬ ಮಗುವೂ ಒಂದು 'ಬಿಟ್'. ಎಂಟು ಬಿಟ್ ಸೇರಿದರೆ ಒಂದು 'ಬೈಟ್'. ಕಂಪ್ಯೂಟರಿನ ಪೆಟ್ಟಿಗೆಗಳು 8, 16, 32, 64 ಬಿಟ್‌ಗಳ ಅಳತೆಯಲ್ಲಿ ಇರುತ್ತವೆ. ಋಣ ಸಂಖ್ಯೆಗಳೂ ಬೇಕಾದರೆ ಸುತ್ತಿನ ಅರ್ಧ ಭಾಗವನ್ನು ಅವುಗಳಿಗೆ ಬಿಟ್ಟುಕೊಡಬೇಕು. 16 ಬಿಟ್‌ಗಳ ಸುತ್ತಿನಲ್ಲಿ ಒಟ್ಟು 65,536 ಮನೆಗಳು. ಆದ್ದರಿಂದ ಅದರಲ್ಲಿ −32,768ರಿಂದ 32,767ರವರೆಗಿನ ಸಂಖ್ಯೆಗಳನ್ನು ಮಾತ್ರ ಇಡಬಹುದು. 32,767ಕ್ಕೆ ಒಂದು ಕೂಡಿಸಿದರೆ ಥಟ್ಟನೆ −32,768!

ನಾನು ಎಂ.ಎಸ್ಸಿ. ಓದುವಾಗ ಕಂಪ್ಯೂಟರ್ ಪ್ರಯೋಗಾಲಯದಲ್ಲಿ 'ಸಿ' ಭಾಷೆ ಕಲಿಸುತ್ತಿದ್ದರು. ಅಲ್ಲಿದ್ದ ಟರ್ಬೊ ಸಿ ತಂತ್ರಾಂಶದಲ್ಲಿ 'ಇಂಟ್' ಎಂದರೆ 16 ಬಿಟ್‌ಗಳ ಪೆಟ್ಟಿಗೆ. ನಮ್ಮ ಉಪನ್ಯಾಸಕರು ಬೇಕೆಂದೇ ಒಂದು ಲೆಕ್ಕ ಕೊಟ್ಟರು. 1×2, 1×2×3 ಹೀಗೆ 10ರವರೆಗೆ ಗುಣಿಸುತ್ತಾ ಹೋಗಬೇಕು. 7ರವರೆಗೆ ಗುಣಿಸಿದಾಗ 5040 ಬಂತು, ಸರಿ. 8ರವರೆಗೆ ಗುಣಿಸಿದಾಗ ಎಲ್ಲರ ಪರದೆಯ ಮೇಲೂ −25216. ಧನ ಸಂಖ್ಯೆಗಳನ್ನು ಗುಣಿಸಿದರೆ ಋಣ ಸಂಖ್ಯೆ! ಪ್ರಯೋಗಾಲಯವೆಲ್ಲ ನಗು. ನಿಜವಾದ ಉತ್ತರ 40320. ಅದರಿಂದ ಒಂದು ಸುತ್ತು, ಅಂದರೆ 65536 ಕಳೆದು ನೋಡಿ, −25216 ಬರುತ್ತದೆ. 9ಕ್ಕೆ −30336 ಬಂತು. 10ಕ್ಕೆ 24320.

"ಈ ಮೂರರಲ್ಲಿ ಯಾವುದು ಹೆಚ್ಚು ಅಪಾಯಕಾರಿ?" ಎಂದು ಅವರು ಕೇಳಿದರು. ಯೋಚಿಸಿ ಮಕ್ಕಳೇ. ಮೊದಲ ಎರಡು ತಪ್ಪೆಂದು ಯಾರಿಗಾದರೂ ತಿಳಿಯುತ್ತದೆ, ಮುಂದೆ ಋಣ ಚಿಹ್ನೆ ಇದೆ. 24320 ಮಾತ್ರ ಸಭ್ಯನಂತೆ ಕುಳಿತಿದೆ. ನಿಜವಾದ ಉತ್ತರ 36,28,800. ಅನುಮಾನ ಬಾರದ ತಪ್ಪೇ ದೊಡ್ಡ ತಪ್ಪು. ಆದರೆ ಅದನ್ನು ಹಿಡಿಯುವ ಉಪಾಯ ಆರನೆಯ ತರಗತಿಯವರಿಗೂ ಗೊತ್ತು. ಗುಣಿಸಿದ ಸಂಖ್ಯೆಗಳಲ್ಲಿ 9 ಇದೆ, ಆದ್ದರಿಂದ ಉತ್ತರ 9ರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು. 24320ರ ಅಂಕಿಗಳನ್ನು ಕೂಡಿ: 2+4+3+2+0 = 11. ಭಾಗವಾಗದು! ಸಿಕ್ಕಿಬಿತ್ತು. ಕಳ್ಳನನ್ನು ಹಿಡಿದದ್ದೂ ಶೇಷವೇ ನೋಡಿ.

ಪೈಥಾನಿನ 'ಇಂಟ್'ಗೆ ಈ ತೊಂದರೆ ಇಲ್ಲ. ಸಂಖ್ಯೆ ಬೆಳೆದಂತೆ ಅದು ಹೊಸ ಮಕ್ಕಳನ್ನು ಸಾಲಿಗೆ ಸೇರಿಸಿಕೊಳ್ಳುತ್ತಾ ಹೋಗುತ್ತದೆ, ಕಂಪ್ಯೂಟರಿನ ಸ್ಮರಣೆಯಲ್ಲಿ ಜಾಗ ಇರುವವರೆಗೆ. ಆದರೆ 'ಫ್ಲೋಟ್' ಪೆಟ್ಟಿಗೆ ಅಲ್ಲಿಯೂ 64 ಬಿಟ್‌ಗಳದ್ದೇ. ಪೈಥಾನಿನಲ್ಲಿ 0.1 + 0.2 ಎಂದು ಕೇಳಿ. 0.3 ಬರುವುದಿಲ್ಲ, 0.30000000000000004 ಬರುತ್ತದೆ! ಕಾರಣ ಹೀಗಿದೆ. ನಾವು ಮೂರನೆಯ ಒಂದು ಭಾಗವನ್ನು ದಶಮಾಂಶದಲ್ಲಿ ಬರೆದರೆ 0.333 ಎಂದು ಮುಗಿಯದೆ ಹೋಗುತ್ತದೆ. ಹಾಗೆಯೇ 0 ಮತ್ತು 1 ಮಾತ್ರ ಬಲ್ಲ ಕಂಪ್ಯೂಟರಿಗೆ ಹತ್ತನೆಯ ಒಂದು ಭಾಗ ಮುಗಿಯುವುದೇ ಇಲ್ಲ. ಪೆಟ್ಟಿಗೆ ತುಂಬಿದಲ್ಲಿಗೆ ಅದು ನಿಲ್ಲಿಸಲೇಬೇಕು. ಹಣದ ಲೆಕ್ಕದ ಪ್ರೋಗ್ರಾಮ್ ಬರೆಯುವವರಲ್ಲಿ ಎಷ್ಟೋ ಮಂದಿ 12.50 ರೂಪಾಯಿಯನ್ನು ಫ್ಲೋಟ್‌ನಲ್ಲಿ ಇಡದೆ 1250 ಪೈಸೆ ಎಂದು ಪೂರ್ಣಾಂಕದಲ್ಲಿ ಇಡುವುದು ಇದಕ್ಕೇ.

ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾದೀತು ಎನ್ನಬೇಡಿ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ 'ಪೇಟ್ರಿಯಟ್' ಎಂಬ ವ್ಯವಸ್ಥೆ ಶತ್ರುವಿನ ಕ್ಷಿಪಣಿಗಳನ್ನು ಆಕಾಶದಲ್ಲೇ ತಡೆಯಲು ಕಾದಿತ್ತು. ಅದರ ಗಡಿಯಾರ ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ಎಣಿಸುತ್ತಿತ್ತು. 0.1ನ್ನು 24 ಬಿಟ್‌ಗಳಲ್ಲಿ ಕತ್ತರಿಸಿ ಇಟ್ಟಿದ್ದರು. ಫೆಬ್ರವರಿ 25ರಂದು, ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ, ಆ ಯಂತ್ರ ಸುಮಾರು 100 ಗಂಟೆ ನಿಲ್ಲದೆ ಓಡಿತ್ತು. ಕತ್ತರಿಸಿದ ಚೂರುಗಳೆಲ್ಲ ಸೇರಿ ಗಡಿಯಾರ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಪ್ಪಿತ್ತು. ಅಷ್ಟರಲ್ಲಿ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗಿರುತ್ತದೆ. ಪೇಟ್ರಿಯಟ್ ಅದನ್ನು ತಪ್ಪು ಜಾಗದಲ್ಲಿ ಹುಡುಕಿತು. ಕ್ಷಿಪಣಿ ಬಿದ್ದು 28 ಸೈನಿಕರು ಸತ್ತರು.

ಐದು ವರ್ಷಗಳ ನಂತರ, 1996ರ ಜೂನ್ 4ರಂದು, ಇನ್ನೊಂದು ಘಟನೆ. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೂರು ಉಡಾವಣಾ ಕೇಂದ್ರದಿಂದ ಯುರೋಪಿನ ಹೊಚ್ಚ ಹೊಸ ರಾಕೆಟ್ ಏರಿಯಾನ್-5 ಮೊದಲ ಬಾರಿಗೆ ಮೇಲೇರಿತು. ಅದರ ದಿಕ್ಕು ತಿಳಿಸುವ ಕಂಪ್ಯೂಟರಿನ ಪ್ರೋಗ್ರಾಮ್ ಹಳೆಯ ಏರಿಯಾನ್-4ರಿಂದ ತಂದದ್ದು. ಅದರಲ್ಲಿ, ರಾಕೆಟ್ ಅಡ್ಡಲಾಗಿ ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬುದಕ್ಕೆ ಸಂಬಂಧಿಸಿದ ಸಂಖ್ಯೆಯನ್ನು 64 ಬಿಟ್‌ಗಳ ಫ್ಲೋಟ್ ಪೆಟ್ಟಿಗೆಯಿಂದ 16 ಬಿಟ್‌ಗಳ ಪೂರ್ಣಾಂಕದ ಪೆಟ್ಟಿಗೆಗೆ ಸುರಿಯುವ ಆದೇಶವಿತ್ತು. ಏರಿಯಾನ್-4ರಲ್ಲಿ ಆ ಸಂಖ್ಯೆ 32,767ನ್ನು ದಾಟುತ್ತಿರಲಿಲ್ಲ. ಏರಿಯಾನ್-5 ಬೇರೆ ದಾರಿಯಲ್ಲಿ, ಇನ್ನೂ ವೇಗವಾಗಿ ಹೋಗುವ ರಾಕೆಟ್. ಹಾರಿದ ಸುಮಾರು 37ನೆಯ ಸೆಕೆಂಡಿನಲ್ಲಿ ಸಂಖ್ಯೆ ಪೆಟ್ಟಿಗೆಯಲ್ಲಿ ಹಿಡಿಯಲಿಲ್ಲ. ಆ ಕಂಪ್ಯೂಟರ್ ನಮ್ಮ ಮಕ್ಕಳ ಸಾಲಿನಂತೆ ಸುತ್ತಿ ಬರಲಿಲ್ಲ. ದೋಷವೆಂದು ಕೆಲಸವನ್ನೇ ನಿಲ್ಲಿಸಿತು. ಜೊತೆಗೆ ಇದ್ದ ಬದಲಿ ಕಂಪ್ಯೂಟರಿನಲ್ಲೂ ಅದೇ ಪ್ರೋಗ್ರಾಮ್ ಇದ್ದುದರಿಂದ ಅದೂ ಕ್ಷಣ ಮುಂಚೆ ನಿಂತಿತ್ತು. ದಿಕ್ಕು ತಪ್ಪಿದ ರಾಕೆಟ್ ವಾಲಿ, ಒಡೆದು, ಆಕಾಶದಲ್ಲೇ ನಾಶವಾಯಿತು. ಅದರೊಳಗಿದ್ದ 'ಕ್ಲಸ್ಟರ್' ಎಂಬ ನಾಲ್ಕು ವೈಜ್ಞಾನಿಕ ಉಪಗ್ರಹಗಳೂ ಹೋದವು. ಅದೃಷ್ಟಕ್ಕೆ ಅದರಲ್ಲಿ ಮನುಷ್ಯರು ಇರಲಿಲ್ಲ.

ಇವೆಲ್ಲ ಆಗಿ ಹೋದ ಕತೆಗಳು. ಇನ್ನೂ ಆಗಬೇಕಾದದ್ದು ಒಂದಿದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಿದ 'ಯುನಿಕ್ಸ್' ವ್ಯವಸ್ಥೆಯನ್ನು ಅನುಸರಿಸುವ ಕಂಪ್ಯೂಟರುಗಳು ಕಾಲವನ್ನು ಒಂದೇ ಒಂದು ಸಂಖ್ಯೆಯಾಗಿ ಇಡುತ್ತವೆ. 1970ರ ಜನವರಿ 1ರಂದು, ಗ್ರೀನಿಚ್ ಸಮಯದ ಪ್ರಕಾರ ದಿನ ಆರಂಭವಾದ ಕ್ಷಣದಿಂದ ಎಷ್ಟು ಸೆಕೆಂಡು ಆಯಿತು ಎಂಬುದೇ ಆ ಸಂಖ್ಯೆ. ದಿನಾಂಕ, ವಾರ, ಗಂಟೆ ಎಲ್ಲವನ್ನೂ ಅದರಿಂದಲೇ ತೆಗೆಯುತ್ತವೆ. ಹಳೆಯ ಯಂತ್ರಗಳಲ್ಲಿ ಅದಕ್ಕೆ 32 ಬಿಟ್‌ಗಳ ಪೆಟ್ಟಿಗೆ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647.

ಆ ಕ್ಷಣ ಯಾವಾಗ ಬರುತ್ತದೆ? ಪೆನ್ಸಿಲ್ ಹಿಡಿಯಿರಿ. ಒಂದು ದಿನಕ್ಕೆ 86,400 ಸೆಕೆಂಡು. ಆ ದೊಡ್ಡ ಸಂಖ್ಯೆಯನ್ನು 86,400ರಿಂದ ಭಾಗಿಸಿದರೆ ಭಾಗಲಬ್ಧ 24,855 ದಿನ, ಶೇಷ 11,647 ಸೆಕೆಂಡು. 1970ರ ಜನವರಿ 1ರಿಂದ 24,855 ದಿನ ಮುಂದೆ ಎಣಿಸಿದರೆ 2038ರ ಜನವರಿ 19. ಈಗ ಶೇಷವನ್ನು 3,600ರಿಂದ ಭಾಗಿಸಿ: 3 ಗಂಟೆ, ಶೇಷ 847. ಅದನ್ನು 60ರಿಂದ ಭಾಗಿಸಿ: 14 ನಿಮಿಷ, ಶೇಷ 7 ಸೆಕೆಂಡು. ಗ್ರೀನಿಚ್‌ನಲ್ಲಿ 3 ಗಂಟೆ 14 ನಿಮಿಷ 7 ಸೆಕೆಂಡು ಎಂದರೆ ನಮ್ಮಲ್ಲಿ ಐದೂವರೆ ಗಂಟೆ ಮುಂದೆ, ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಅದರ ಮುಂದಿನ ಸೆಕೆಂಡಿಗೆ ಹಳೆಯ ಪೆಟ್ಟಿಗೆ ಸುತ್ತಿ ಋಣ ಸಂಖ್ಯೆಗೆ ಬೀಳುತ್ತದೆ. ಯಂತ್ರ ಅದನ್ನು 1901ರ ಡಿಸೆಂಬರ್ ಎಂದು ತಿಳಿಯುತ್ತದೆ! ಹೊಸ ಕಂಪ್ಯೂಟರು, ಮೊಬೈಲುಗಳಲ್ಲಿ ಬಹುಪಾಲು 64 ಬಿಟ್‌ಗಳ ಪೆಟ್ಟಿಗೆಗೆ ಬದಲಾಗಿವೆ. ಚಿಂತೆ ಇರುವುದು ಒಮ್ಮೆ ಗೋಡೆಗೋ ಯಂತ್ರಕ್ಕೋ ಕೂರಿಸಿ ಮರೆತ ಹಳೆಯ ಉಪಕರಣಗಳದ್ದು. ಅವನ್ನು ಹುಡುಕಿ ಸರಿಪಡಿಸಬೇಕು. ಆಗ ನೀವು ಇಪ್ಪತ್ತು ದಾಟಿದವರು. ಆ ಕೆಲಸ ನಿಮ್ಮಲ್ಲೇ ಕೆಲವರ ಪಾಲಿಗೆ ಬಂದರೂ ಬರಬಹುದು.

ಅಂದು ಯಾವ ವಾರ? ಅದಕ್ಕೂ ಶೇಷವೇ. 1970ರ ಜನವರಿ 1 ಗುರುವಾರ. ಗುರುವಾರಕ್ಕೆ 0, ಶುಕ್ರವಾರಕ್ಕೆ 1, ಶನಿವಾರಕ್ಕೆ 2, ಹೀಗೆ ಬುಧವಾರಕ್ಕೆ 6 ಎಂದು ಇಟ್ಟುಕೊಳ್ಳಿ. 24855 % 7 ಎಂದರೆ 5. ಮಂಗಳವಾರ.

ಹಿಂದಕ್ಕೆ ಹೋದರೆ ಇನ್ನೂ ಮಜಾ ಇದೆ. 1947ರ ಆಗಸ್ಟ್ 15, 1970ರ ಜನವರಿ 1ಕ್ಕಿಂತ 8,175 ದಿನ ಹಿಂದೆ. ಆದ್ದರಿಂದ ಅದರ ದಿನಸಂಖ್ಯೆ −8175. ಪೈಥಾನಿನಲ್ಲಿ −8175 % 7 ಎಂದು ಕೇಳಿದರೆ 1 ಎನ್ನುತ್ತದೆ. ಶುಕ್ರವಾರ. ನಮಗೆ ಸ್ವಾತಂತ್ರ್ಯ ಬಂದದ್ದು ಶುಕ್ರವಾರವೇ. ಅದೇ ಪ್ರಶ್ನೆಯನ್ನು 'ಸಿ' ಭಾಷೆಯಲ್ಲಿ ಕೇಳಿದರೆ ಉತ್ತರ −6! ಯಾವ ಕ್ಯಾಲೆಂಡರಿನಲ್ಲೂ ಇಲ್ಲದ ವಾರ. ಪೈಥಾನ್ ಭಾಗಲಬ್ಧವನ್ನು −1168 ಎಂದು ತೆಗೆದುಕೊಳ್ಳುತ್ತದೆ, ಸಿ −1167 ಎಂದು ತೆಗೆದುಕೊಳ್ಳುತ್ತದೆ. ಉಳಿಕೆ ಬೇರೆಯಾಗುವುದು ಅದರಿಂದ. ಎರಡೂ ಲೆಕ್ಕ ಗಣಿತಕ್ಕೆ ತಪ್ಪಲ್ಲ, ನೀವೇ ಗುಣಿಸಿ, ಕೂಡಿ ನೋಡಿ. ಆದರೆ ವಾರ ಕಂಡುಹಿಡಿಯಲು ಪೈಥಾನಿನ ಶೇಷವೇ ಅನುಕೂಲ. ಸಿ ಭಾಷೆಯಲ್ಲಿ ಬರೆಯುವವರು ಋಣ ಶೇಷ ಬಂದರೆ ಅದಕ್ಕೆ 7 ಕೂಡಿಸಿಕೊಳ್ಳುತ್ತಾರೆ.

ಕೊನೆಗೆ ನಿಮಗೊಂದು ಕೆಲಸ. 2038ರ ಜನವರಿ 19ರ ಆ ಮಂಗಳವಾರ ಯಾವ ಸಂವತ್ಸರದಲ್ಲಿ ಬರುತ್ತದೆ? ಆ ವರ್ಷದ ಯುಗಾದಿ ಆಗ ಇನ್ನೂ ಬಂದಿರುವುದಿಲ್ಲ ಎಂಬುದನ್ನು ಮರೆಯದೆ ಶಕ ವರ್ಷ ಹಾಕಿಕೊಳ್ಳಿ. ಶೇಷ 51 ಬಂದರೆ ನಿಮ್ಮ ಲೆಕ್ಕ ಸರಿ. 51ನೆಯ ಹೆಸರು ಯಾವುದೆಂದು ಮನೆಯಲ್ಲಿರುವ ಪಂಚಾಂಗದಲ್ಲಿ ನೋಡಿ, ಇಲ್ಲವೇ ಅಜ್ಜಿಯನ್ನು ಕೇಳಿ.